ಪಂದ್ಯಕ್ಕೆ ಆರು ಡಾಲರ್

ಅಮೆರಿಕನ್ ಫುಟ್‌ಬಾಲ್ ನಾವು ಆಡುವ ಫುಟ್‌ಬಾಲ್ ಅಲ್ಲ. ಅಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಮೈಮೇಲೆ ಬೀಳುವ ಎದುರಾಳಿಗಳ ನಡುವೆ ನಿಂತು, ಚೆಂಡನ್ನು ಯಾರಿಗೆ ಎಸೆಯಬೇಕೆಂದು ಕ್ಷಣದಲ್ಲಿ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ಈ ಸ್ಥಾನದಲ್ಲಿ ಆಡಿ ದಂತಕಥೆಯಾದವರು ಜಾನಿ ಯುನೈಟಸ್.

ಅವರು ಹುಟ್ಟಿದ್ದು 1933ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಐದನೇ ವಯಸ್ಸಿಗೆ ತಂದೆ ತೀರಿಕೊಂಡರು. ಮನೆಮನೆಗೆ ಕಲ್ಲಿದ್ದಲು ಹಾಕುವ ವ್ಯಾಪಾರವನ್ನು ತಾಯಿಯೇ ಮುಂದುವರಿಸಿ ಮಕ್ಕಳನ್ನು ಸಾಕಿದರು. ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಆಡಿದ ಯುನೈಟಸ್, 1955ರಲ್ಲಿ ತಮ್ಮೂರಿನದೇ ತಂಡವಾದ ಸ್ಟೀಲರ್ಸ್‌ಗೆ ಒಂಬತ್ತನೇ ಸುತ್ತಿನಲ್ಲಿ ಆಯ್ಕೆಯಾದರು. ಆದರೆ ಸೀಸನ್ ಶುರುವಾಗುವ ಮೊದಲೇ ಕೈಬಿಟ್ಟರು. ತಂಡ ನಡೆಸುವಷ್ಟು ಬುದ್ಧಿ ಇಲ್ಲ ಎನ್ನುವುದು ಕೋಚ್ ಅಭಿಪ್ರಾಯ. ಪೂರ್ವಭಾವಿ ಪಂದ್ಯಗಳಲ್ಲಿ ಒಂದು ಎಸೆತಕ್ಕೂ ಅವಕಾಶ ಕೊಡದೆ ಬುದ್ಧಿ ಅಳೆದದ್ದು ಹೇಗೋ!

ಆಗಲೇ ಸಂಸಾರವಿತ್ತು. ಹೊಟ್ಟೆಪಾಡಿಗೆ ಕಟ್ಟಡ ಕೆಲಸ. ಜೊತೆಗೆ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಎಂಬ ಸಣ್ಣ ತಂಡದಲ್ಲಿ ಆಟ. ಪಂದ್ಯಕ್ಕೆ 6 ಡಾಲರ್. 1956ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಕರೆಯಿತು. ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಾಗ ಕಣಕ್ಕಿಳಿದರು. ಮೊದಲ ಎಸೆತವೇ ಎದುರಾಳಿಯ ಕೈಸೇರಿ ಅವರಿಗೆ ಅಂಕವಾಯಿತು. ಆದರೂ ಜಾಗ ಬಿಟ್ಟುಕೊಡಲಿಲ್ಲ.

1958ರ ಡಿಸೆಂಬರ್ 28. ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಜೈಂಟ್ಸ್ ವಿರುದ್ಧ ಫೈನಲ್. ಎರಡು ನಿಮಿಷ ಬಾಕಿ ಇದೆ, ಕೋಲ್ಟ್ಸ್ 14–17ರಿಂದ ಹಿಂದಿದೆ. ಇಂದಿನ ಕೋಚ್‌ಗಳು ಹೆಲ್ಮೆಟ್ಟಿನೊಳಗಿನ ರೇಡಿಯೊ ಮೂಲಕ ತಂತ್ರ ಹೇಳಿಕೊಡುತ್ತಾರೆ. ಅಂದು ಮೈದಾನದಲ್ಲಿ ಯೋಚಿಸಬೇಕಿದ್ದದ್ದು ಯುನೈಟಸ್ ತಲೆಯೇ. ರೇಮಂಡ್ ಬೆರಿಗೆ ಸತತ ಮೂರು ಎಸೆತ, ಒಟ್ಟು 62 ಗಜ! ಏಳು ಸೆಕೆಂಡ್ ಇರುವಾಗ ಫೀಲ್ಡ್ ಗೋಲ್ ಸಿಕ್ಕಿ ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಮತ್ತೆ 80 ಗಜ ಮುನ್ನಡೆಸಿ 23–17ರಿಂದ ಗೆಲ್ಲಿಸಿದರು. ಕೋಟ್ಯಂತರ ಅಮೆರಿಕನ್ನರು ಟಿವಿಯಲ್ಲಿ ನೋಡಿದ ಆ ಪಂದ್ಯವೇ ಈ ಆಟವನ್ನು ಮನೆಮನೆಗೆ ತಲುಪಿಸಿತು ಎನ್ನುತ್ತಾರೆ.

1956ರಿಂದ 1960ರವರೆಗೆ ಸತತ 47 ಪಂದ್ಯಗಳಲ್ಲಿ ಅವರ ಎಸೆತದಿಂದ ಟಚ್‌ಡೌನ್ ಬಂತು. ಮೂರು ಬಾರಿ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ.

ಆದರೆ 1968ರಲ್ಲಿ ಬಲ ಮೊಣಕೈಗೆ ದೊಡ್ಡ ಪೆಟ್ಟಾಯಿತು. ನಿವೃತ್ತಿಯ ನಂತರ ಅದೇ ಕೈ ಕ್ರಮೇಣ ಸ್ವಾಧೀನ ತಪ್ಪಿತು. ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟ. ಗಾಲ್ಫ್ ಆಡಬೇಕೆಂದರೆ ಕೋಲನ್ನು ಕೈಗೆ ಪಟ್ಟಿಯಿಂದ ಬಿಗಿದುಕೊಳ್ಳಬೇಕಿತ್ತು. ಲೀಗ್‌ನಿಂದ ಅಂಗವೈಕಲ್ಯ ಪರಿಹಾರ ಕೇಳಿದರೂ ಸಿಗಲಿಲ್ಲ.

2002ರ ಸೆಪ್ಟೆಂಬರ್ 11ರಂದು ವ್ಯಾಯಾಮ ಮಾಡುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 69. ಅವರ 47 ಪಂದ್ಯಗಳ ದಾಖಲೆಯನ್ನು ಡ್ರೂ ಬ್ರೀಸ್ ಮುರಿದದ್ದು 2012ರಲ್ಲಿ.