ಗೋಖಲೆಯವರೂ ಅಧಿಕಾರಿಗಳ ವಿಶ್ರಾಂತಿ ವೇತನವೂ

ಗೋಪಾಲಕೃಷ್ಣ ಗೋಖಲೆಯವರ ಹೆಸರನ್ನು ಕೇಳದ ವಿದ್ಯಾವಂತರು ನಮ್ಮ ನಾಡಿನಲ್ಲಿ ಇರಲಾರರು. ಮಹಾತ್ಮಾ ಗಾಂಧಿಯವರು ರಾಜಕೀಯದಲ್ಲಿ ಗುರುವೆಂದು ಭಾವಿಸಿದ್ದು ಅವರನ್ನೇ, ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾರ್ವಜನಿಕ ವಿಚಾರ ಸಂಸ್ಥೆಯು ಹೊತ್ತಿರುವುದೂ ಅವರ ಹೆಸರನ್ನೇ. ಆದರೆ ಸರಕಾರದ ಲೆಕ್ಕದ ಪುಸ್ತಕವನ್ನು ಬಿಚ್ಚಿ, ಅಧಿಕಾರಿಯ ಸಂಬಳವೂ ಆ ಸಂಬಳ ನಿಂತ ಮೇಲೆ ಕೊಡತಕ್ಕ ಪೆನ್ಷನ್ನೂ ಯಾರ ಹಣ, ಅದನ್ನು ಪರೀಕ್ಷಿಸುವವರು ಯಾರು ಎಂದು ಕೇಳಿದ ಗೋಖಲೆಯವರನ್ನು ಬಹುಮಂದಿ ಮರೆತಿರುವರು. ಆ ಗೋಖಲೆಯವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕದಲ್ಲಿ ಅವರ ಜನನ. ತಂದೆ ಕೃಷ್ಣರಾಯರು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ, ನಮ್ಮ ಬೆಳಗಾವಿ ಸೀಮೆಗೆ ಸಮೀಪದಲ್ಲಿರುವ ಕಾಗಲದಲ್ಲಿ ಸಣ್ಣ ನೌಕರಿಯಲ್ಲಿದ್ದರು. ಅವರು 1879ರಲ್ಲಿ ತೀರಿಕೊಂಡಾಗ ಮನೆಯ ಭಾರವು ಹಿರಿಯ ಮಗ ಗೋವಿಂದರಾಯರ ಮೇಲೆ ಬಿದ್ದಿತು. ತಿಂಗಳಿಗೆ ಹದಿನೈದು ರೂಪಾಯಿಯ ಚಾಕರಿಯಲ್ಲಿ ಎಂಟು ರೂಪಾಯಿಗಳನ್ನು ಆತನು ತಮ್ಮನ ಓದಿಗೆ ಕಳುಹಿಸುತ್ತಿದ್ದನು. ಎಂಟು ರೂಪಾಯಿಯ ಬೆಲೆಯೇನೆಂಬುದನ್ನು ಬಾಲ್ಯದಲ್ಲಿಯೇ ಅರಿತವರು ಮುಂದೆ ಕೋಟಿಗಳ ಲೆಕ್ಕವನ್ನು ನೋಡುವಾಗ ಕಣ್ಣು ಮುಚ್ಚಿಕೊಳ್ಳಲಿಲ್ಲವೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ. 1884ರಲ್ಲಿ ಪದವೀಧರರಾಗಿ, ಪುಣೆಯ ಡೆಕ್ಕನ್ ಶಿಕ್ಷಣ ಸಂಘದ ಆಜೀವ ಸದಸ್ಯರಾಗಿ, ಎಪ್ಪತ್ತೈದು ರೂಪಾಯಿಗಳ ಸಂಬಳದ ಮೇಲೆ ಫರ್ಗ್ಯುಸನ್ ಕಾಲೇಜಿನಲ್ಲಿ ದುಡಿದರು. ನ್ಯಾಯಮೂರ್ತಿ ರಾನಡೆಯವರ ಬಳಿಯಲ್ಲಿ ಅರ್ಥಶಾಸ್ತ್ರವನ್ನೂ ಸರಕಾರದ ವರದಿಗಳನ್ನು ಓದುವ ಕ್ರಮವನ್ನೂ ಕಲಿತರು. 1902ರಲ್ಲಿ ಕಾಲೇಜಿನಿಂದ ನಿವೃತ್ತರಾದಾಗ ಅವರಿಗೆ ದೊರೆತ ಪೆನ್ಷನ್ ತಿಂಗಳಿಗೆ ಮೂವತ್ತು ರೂಪಾಯಿ.

ಇದರೊಡನೆ ಆ ಕಾಲದ ಸಿವಿಲ್ ಸರ್ವಿಸಿನ ಅಧಿಕಾರಿಯ ಪೆನ್ಷನ್ನನ್ನು ಇಟ್ಟು ನೋಡಬೇಕು. ಇಪ್ಪತ್ತೈದು ವರ್ಷಗಳ ಸೇವೆಯನ್ನು, ಅದರಲ್ಲಿ ಇಪ್ಪತ್ತೊಂದು ವರ್ಷ ಪ್ರತ್ಯಕ್ಷ ಕೆಲಸವನ್ನು ಮುಗಿಸಿದವನಿಗೆ ವರ್ಷಕ್ಕೆ 1000 ಪೌಂಡು. ಕಲೆಕ್ಟರನಾಗಿಯೇ ನಿವೃತ್ತನಾದವನಿಗೂ ಅದಕ್ಕಿಂತ ಮೇಲೇರಿದವನಿಗೂ ಅಷ್ಟೇ. ಅವನ ಸಂಬಳದಲ್ಲಿ ನೂರಕ್ಕೆ ನಾಲ್ಕರಂತೆ ವಂತಿಗೆ ಹಿಡಿಯುತ್ತಿದ್ದರೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಆ ಹಣವು ಪೌಂಡಿನಲ್ಲಿ ಸಲ್ಲುತ್ತಿತ್ತು, ರೈತನು ಕಂದಾಯ ಕೊಡುತ್ತಿದ್ದುದು ರೂಪಾಯಿಯಲ್ಲಿ. ರೂಪಾಯಿಗೆ ಎರಡು ಷಿಲ್ಲಿಂಗ್ ಬೆಲೆಯಿದ್ದಾಗ 1000 ಪೌಂಡಿಗೆ ಹತ್ತು ಸಾವಿರ ರೂಪಾಯಿ ಸಾಕಾಗಿತ್ತು. ಬೆಳ್ಳಿಯ ಬೆಲೆ ಇಳಿದು 1894-95ರ ಸುಮಾರಿಗೆ ರೂಪಾಯಿಯು ಒಂದು ಷಿಲ್ಲಿಂಗ್ ಒಂದು ಪೆನ್ನಿಯಷ್ಟಾದಾಗ ಅದೇ ಪೆನ್ಷನ್ನಿಗೆ ಹದಿನೆಂಟು ಸಾವಿರಕ್ಕೂ ಹೆಚ್ಚು ರೂಪಾಯಿ ಬೇಕಾಯಿತು. ಅಧಿಕಾರಿಯ ಪೆನ್ಷನ್ ಒಂದು ಕಾಸೂ ಹೆಚ್ಚಲಿಲ್ಲ. ರೈತನ ಹೊರೆ ಮಾತ್ರ ಹೆಚ್ಚಿತು. ಈ ಪೆನ್ಷನ್ನುಗಳೂ, ರಜೆಯ ವೇತನಗಳೂ, ಸಾಲದ ಬಡ್ಡಿಯೂ, ಭಾರತ ಮಂತ್ರಿಯ ಕಚೇರಿಯ ಖರ್ಚೂ ಸೇರಿ ಲಂಡನ್ನಿನಲ್ಲಿ ಸಲ್ಲಬೇಕಾದ ಮೊತ್ತವು ಆ ಶತಮಾನದ ಕೊನೆಗೆ ವರ್ಷಕ್ಕೆ 1 ಕೋಟಿ 60 ಲಕ್ಷ ಪೌಂಡುಗಳನ್ನು ಮೀರಿತ್ತು.

ಹಿಂದುಸ್ಥಾನದ ಖರ್ಚುವೆಚ್ಚಗಳನ್ನು ವಿಚಾರಿಸಲು 1895ರಲ್ಲಿ ನೇಮಕವಾದ ವೆಲ್ಬಿ ಕಮಿಷನ್ನಿನ ಮುಂದೆ 1897ರಲ್ಲಿ ಗೋಖಲೆಯವರು ಲಂಡನ್ನಿನಲ್ಲಿ ಸಾಕ್ಷ್ಯ ನುಡಿದರು. ಆಗ ಅವರಿಗೆ ಮೂವತ್ತೊಂದು ವರ್ಷವೂ ತುಂಬಿರಲಿಲ್ಲ. ದಾದಾಭಾಯಿ ನವರೋಜಿಯವರು ಕಮಿಷನ್ನಿನ ಸದಸ್ಯರಲ್ಲಿ ಒಬ್ಬರಾಗಿದ್ದರು. ವಾಚಾ, ಸುರೇಂದ್ರನಾಥ ಬ್ಯಾನರ್ಜಿ, ಜಿ. ಸುಬ್ರಹ್ಮಣ್ಯ ಅಯ್ಯರ್ ಇವರೂ ಸಾಕ್ಷ್ಯ ಕೊಟ್ಟರು. ಗೋಖಲೆಯವರ ವಾದದ ತಿರುಳು ಅಂಕೆಗಳಲ್ಲಿರಲಿಲ್ಲ, ಅಂಕೆಗಳ ಹಿಂದಿನ ಅಂಕುಶದಲ್ಲಿತ್ತು. ಖರ್ಚು ಮಾಡುವವರು ಬೇರೆ, ತೆರುವವರು ಬೇರೆ; ತೆರುವವರಿಗೆ ತಡೆಯುವ ಶಕ್ತಿಯಿಲ್ಲ; ತಡೆಯಬಲ್ಲ ಪಾರ್ಲಿಮೆಂಟಿಗೆ ಹಿಂದುಸ್ಥಾನದ ಲೆಕ್ಕದಲ್ಲಿ ಆಸಕ್ತಿಯಿಲ್ಲ. ಆದುದರಿಂದ ಆಯವ್ಯಯವನ್ನು ಇಲ್ಲಿಯ ಶಾಸನ ಸಭೆಯಲ್ಲಿಯೇ ಬಾಬು ಬಾಬಾಗಿ ಮತಕ್ಕೆ ಹಾಕಬೇಕೆಂದು ಅವರು ಕೇಳಿದರು. ದುಡಿದವನಿಗೆ ಮುಪ್ಪಿನಲ್ಲಿ ಅನ್ನವಿರಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಪೆನ್ಷನ್ ಎಂಬುದು ವಿಚಿತ್ರವಾದ ಬಾಬು. ಸಂಬಳವು ಈ ವರ್ಷದ ಲೆಕ್ಕದಲ್ಲಿ ಕಣ್ಣಿಗೆ ಬೀಳುತ್ತದೆ. ಪೆನ್ಷನ್ನಾದರೋ ಇಂದು ಕೊಟ್ಟ ಮಾತು, ಮೂವತ್ತು ವರ್ಷಗಳ ಮೇಲೆ ಬರುವ ಹೊರೆ. ಮಾತು ಕೊಡುವಾಗ ಪರೀಕ್ಷಿಸದಿದ್ದರೆ ಆಮೇಲೆ ಪರೀಕ್ಷಿಸಿ ಫಲವಿಲ್ಲ, ಏಕೆಂದರೆ ಕೊಟ್ಟ ಮಾತನ್ನು ಮುರಿಯುವುದು ಅನ್ಯಾಯವಾಗುತ್ತದೆ.

1902ರ ಮಾರ್ಚಿ 26ರಂದು ವೈಸರಾಯರ ಶಾಸನ ಸಭೆಯಲ್ಲಿ ಆಯವ್ಯಯದ ಮೇಲೆ ಅವರು ಮಾಡಿದ ಮೊದಲನೆಯ ಭಾಷಣವು ಪ್ರಸಿದ್ಧವಾಗಿದೆ. ಬಡವರಿಂದ ಅಗತ್ಯಕ್ಕಿಂತ ಹೆಚ್ಚು ತೆರಿಗೆ ಎತ್ತಿ ಉಳಿತಾಯವನ್ನು ತೋರಿಸುವುದು ಸಮೃದ್ಧಿಯ ಗುರುತಲ್ಲವೆಂದು ಅಂದು ಅವರು ಸಾಧಿಸಿ ತೋರಿಸಿದರು. ಮುಂದೆ ಮಣಕ್ಕೆ ಎರಡೂವರೆ ರೂಪಾಯಿಯಿದ್ದ ಉಪ್ಪಿನ ತೆರಿಗೆಯು ಮೆಟ್ಟಿಲು ಮೆಟ್ಟಿಲಾಗಿ ಇಳಿದು 1907ರಲ್ಲಿ ಒಂದು ರೂಪಾಯಿಗೆ ಬಂದಿತು. ಆದರೂ ಆ ಸಭೆಯಲ್ಲಿ ಸದಸ್ಯರಿಗೆ ಮಾತನಾಡುವ ಹಕ್ಕಿತ್ತೇ ಹೊರತು ಮತ ಕೊಡುವ ಹಕ್ಕಿರಲಿಲ್ಲ. 1909ರ ಶಾಸನದಿಂದ ಠರಾವು ತರುವ ಅವಕಾಶ ದೊರೆಯಿತು. ಅದೂ ಶಿಫಾರಸು ಮಾತ್ರ, ಬಹುಮತವು ಅಧಿಕಾರಿಗಳದೇ. 1911ರಲ್ಲಿ ಗೋಖಲೆಯವರು ಸರಕಾರದ ಖರ್ಚು ಬೆಳೆದ ಕಾರಣಗಳನ್ನು ಬಹಿರಂಗವಾಗಿ ವಿಚಾರಿಸಬೇಕೆಂದು ಠರಾವು ತಂದು, ಲೆಕ್ಕ ತಪಾಸಣೆ ಮಾಡುವವರು ಖರ್ಚು ಮಾಡುವವರ ಕೈಕೆಳಗಿರಬಾರದೆಂದು ವಾದಿಸಿದರು.

ಇಂದು ಆ ಕೊರತೆಗಳು ಬಹಳಮಟ್ಟಿಗೆ ನೀಗಿವೆ. ನ್ಯಾಯಾಧೀಶರೇ ಮೊದಲಾದ ಕೆಲವರ ಪೆನ್ಷನ್ನುಗಳನ್ನು ಬಿಟ್ಟರೆ ಉಳಿದುವು ಲೋಕಸಭೆಯ ಮತಕ್ಕೆ ಒಳಪಟ್ಟಿವೆ. ಆದರೆ ಹಕ್ಕಿರುವುದು ಬೇರೆ, ಅದನ್ನು ಸಕಾಲದಲ್ಲಿ ಉಪಯೋಗಿಸುವುದು ಬೇರೆ. ಕೇಂದ್ರ ಸರಕಾರದ ಹೊಸ ನೌಕರರಿಗೆ ವಂತಿಗೆಯ ಪೆನ್ಷನ್ ಪದ್ಧತಿಯು 2004ರ ಜನವರಿ 1ರಿಂದ ಜಾರಿಗೆ ಬಂದುದು ಸರಕಾರದ ಪ್ರಕಟಣೆಯ ಬಲದಿಂದ. ಅದನ್ನು ನಿಯಂತ್ರಿಸುವ ಪ್ರಾಧಿಕಾರಕ್ಕೆ ಪಾರ್ಲಿಮೆಂಟು ಶಾಸನದ ಆಧಾರವನ್ನು ಒದಗಿಸಿದ್ದು 2013ರಲ್ಲಿ. ಅಷ್ಟರಲ್ಲಿ ಒಂಬತ್ತು ವರ್ಷಗಳ ವಂತಿಗೆಯು ನೌಕರರ ಸಂಬಳದಿಂದ ಕಡಿತವಾಗಿ ಹೋಗಿತ್ತು. ಗೋಖಲೆಯವರಿದ್ದಿದ್ದರೆ ಎಷ್ಟು ಪ್ರಶ್ನೆಗಳನ್ನು ಕೇಳುತ್ತಿದ್ದರೋ!

1912ರಲ್ಲಿ ಸರಕಾರಿ ನೌಕರಿಗಳ ವಿಚಾರಣೆಗಾಗಿ ಲಾರ್ಡ್ ಇಸ್ಲಿಂಗ್ಟನ್ನರ ಅಧ್ಯಕ್ಷತೆಯಲ್ಲಿ ಕಮಿಷನ್ನು ನೇಮಕವಾದಾಗ ಗೋಖಲೆಯವರೂ ಸದಸ್ಯರಾದರು. ನೇಮಕ, ಸಂಬಳ, ರಜೆ, ಪೆನ್ಷನ್ ಎಲ್ಲವೂ ಅದರ ವಿಚಾರಣೆಗೆ ಸೇರಿದ್ದುವು. ಹದಿನೈದು ವರ್ಷಗಳ ಹಿಂದೆ ಸಾಕ್ಷಿಯಾಗಿ ನಿಂತಿದ್ದವರು ಈಗ ಸಾಕ್ಷಿಗಳನ್ನು ಪ್ರಶ್ನಿಸುವ ಪೀಠದಲ್ಲಿ ಕುಳಿತರು. ಮಧುಮೇಹದಿಂದ ಜರ್ಜರಿತವಾದ ದೇಹವನ್ನು ಹೊತ್ತು ಹಿಂದುಸ್ಥಾನಕ್ಕೂ ಇಂಗ್ಲೆಂಡಿಗೂ ಅವರು ಅಲೆದರು. 1914ರಲ್ಲಿ ಸರಕಾರವು ಕೊಡಬಂದ ಸರ್ ಪದವಿಯನ್ನು ಬೇಡವೆಂದರು. 1915ರ ಫೆಬ್ರುವರಿ 19ರಂದು ಪುಣೆಯಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು. ಕಮಿಷನ್ನಿನ ವರದಿಗೆ ಅದೇ ವರ್ಷ ಸಹಿಗಳು ಬಿದ್ದುವು. ಅವುಗಳಲ್ಲಿ ಅವರ ಸಹಿಯಿರಲಿಲ್ಲ. ನಾಲ್ಕು ವರ್ಷಗಳ ಮೇಲೆ ಬಂದ 1919ರ ಶಾಸನವು ಆಯವ್ಯಯದ ಕೆಲವು ಬಾಬುಗಳನ್ನು ಸಭೆಯ ಮತಕ್ಕೆ ಬಿಟ್ಟುಕೊಟ್ಟಿತು. ಭಾರತ ಮಂತ್ರಿಯು ನೇಮಿಸಿದ ಅಧಿಕಾರಿಗಳ ಸಂಬಳವನ್ನೂ ಪೆನ್ಷನ್ನನ್ನೂ ಮಾತ್ರ ಮತಕ್ಕೆ ಹೊರಗಾಗಿಯೇ ಇಟ್ಟಿತು.