ಎಂಜಿನ್‌ಗಿಂತ ಮೊದಲು ಅಳತೆ: ಸೈಕಲ್ ಅಂಗಡಿಯ ಲಕ್ಷ್ಮಣರಾವ್

ಹಳೆಯದೊಂದು ಕಾರು ಕಡಿಮೆ ಬೆಲೆಗೆ ಸಿಕ್ಕಿತೆಂದರೆ ಮೆಕ್ಯಾನಿಕಲ್ ಓದುವ ಹುಡುಗರ ತಲೆಯಲ್ಲಿ ಮೊದಲು ಓಡುವ ಯೋಚನೆ ಒಂದೇ. ಇದರ ಎಂಜಿನ್ ಕಿತ್ತು ಇನ್ನೂ ದೊಡ್ಡದನ್ನು ಕೂರಿಸಿದರೆ ಹೇಗೆ? ಬೆಳಗಾವಿಯಂಥ ಊರಲ್ಲಿ ಈ ಆಸೆ ಹುಟ್ಟುವುದು ಸಹಜ. ಇಲ್ಲಿ ಫೌಂಡ್ರಿಗಳಿವೆ, ಉದ್ಯಮಬಾಗದಲ್ಲಿ ಸಾಲು ಸಾಲು ವರ್ಕ್‌ಶಾಪ್‌ಗಳಿವೆ, ಲೇತ್ ಮೇಲೆ ಕೈ ಪಳಗಿದವರು ಓಣಿಗೊಬ್ಬರು ಸಿಗುತ್ತಾರೆ.

ಆದರೆ ಕೆಲಸಕ್ಕೆ ಇಳಿದವರಿಗೆ ಗೊತ್ತು, ಎಂಜಿನ್ ಕೂರಿಸುವುದು ಅದರಲ್ಲಿ ಸಣ್ಣ ಭಾಗ. ಹೊಸ ಎಂಜಿನ್ ಹಳೆಯದಕ್ಕಿಂತ ಉದ್ದವೋ ತೂಕವೋ ಇದ್ದರೆ ಅದನ್ನು ಹಿಡಿದಿಡುವ ಮೌಂಟ್‌ಗಳನ್ನು ಬೇರೆಯಾಗಿ ಮಾಡಬೇಕು. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ ಆ ಬಲವನ್ನು ತಡೆದುಕೊಳ್ಳಬೇಕು. ಹೆಚ್ಚು ಬಿಸಿ ಹೊರಹಾಕಲು ದೊಡ್ಡ ರೇಡಿಯೇಟರ್ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಿಸಬೇಕಾದ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದರ ಮೇಲೆ ಆರ್‌ಟಿಒ ಅನುಮತಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನೇ ಹೇಳುತ್ತದೆ. ಒಪ್ಪಿಗೆ ಇಲ್ಲದೆ ವಾಹನವನ್ನು ಬದಲಿಸಿದರೆ, 2019ರ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಆಗಬಹುದು.

ದೊಡ್ಡ ಬಲ ಬೇಕೆಂದರೆ ಅದನ್ನು ಹೊರುವ ಮೈಯನ್ನು ಮೊದಲು ಸಿದ್ಧ ಮಾಡಬೇಕು. ಈ ಪಾಠವನ್ನು ಪುಸ್ತಕದಿಂದಲ್ಲದೆ ಕೈಯಿಂದ ಕಲಿತವರೊಬ್ಬರು ನೂರಾ ಇಪ್ಪತ್ತು ವರ್ಷಗಳ ಹಿಂದೆ ಇದೇ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರು. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್. ಹೊಲದಲ್ಲಿ ನೀರೆತ್ತುವ ಎಂಜಿನ್ ಮೇಲೆ ಅವರ ಮನೆತನದ ಹೆಸರನ್ನು ನಾವೆಲ್ಲ ಓದಿದ್ದೇವೆ. ಆ ಹೆಸರು ನಮ್ಮ ಜಿಲ್ಲೆಯಿಂದಲೇ ಹೊರಟದ್ದು ಎಂಬುದು ಎಷ್ಟು ಮಂದಿಗೆ ಗೊತ್ತು?

ಬಣ್ಣ ಕೈಕೊಟ್ಟಾಗ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಸವದತ್ತಿ ಸೀಮೆಗೆ ಬರುತ್ತಾಳೆ. ಆ ಸೀಮೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಲಕ್ಷ್ಮಣರಾವ್ ಹುಟ್ಟಿದರು. ತಂದೆ ಕಾಶೀನಾಥಪಂತರು ವೇದಾಂತ ಬಲ್ಲವರು. ಮಗನಿಗೆ ಮಾತ್ರ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದು ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದು ಇಷ್ಟ. ಅಣ್ಣ ರಾಮಚಂದ್ರರಾವ್, ಅಂದರೆ ಎಲ್ಲರ ರಾಮುಅಣ್ಣ, ತಮ್ಮನ ಬೆನ್ನಿಗೆ ನಿಂತರು. ಹುಡುಗ ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದ.

ಅಲ್ಲಿ ದೊಡ್ಡ ಪೆಟ್ಟು ಕಾದಿತ್ತು. ಕೆಲವು ಬಣ್ಣಗಳ ನಡುವಿನ ಭೇದ ತನ್ನ ಕಣ್ಣಿಗೆ ತಿಳಿಯುವುದಿಲ್ಲ ಎಂಬುದು ಆತನಿಗೆ ಗೊತ್ತಾಯಿತು. ವರ್ಣಾಂಧತೆ ಇದ್ದವನು ಚಿತ್ರಕಾರನಾಗುವುದು ಹೇಗೆ? ಎಷ್ಟೋ ಮಂದಿ ಇಂಥ ಹೊತ್ತಿನಲ್ಲಿ ಊರಿಗೆ ಮರಳುತ್ತಾರೆ. ಲಕ್ಷ್ಮಣರಾವ್ ಬಣ್ಣವನ್ನು ಬಿಟ್ಟರು, ಗೆರೆಯನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯಲು ಬಣ್ಣ ಬೇಕಿಲ್ಲ, ಅಳತೆ ಸರಿಯಿದ್ದರೆ ಸಾಕು. ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು, ಮುಂಬೈಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. ಬಿಡುವಿನ ವೇಳೆಯನ್ನು ಯಂತ್ರಗಳ ನಡುವೆ ಕಳೆದರು.

ಇದೇ ಅವರ ಮುಂದಿನ ಬದುಕಿನ ಬುನಾದಿ. ಒಂದು ಭಾಗವನ್ನು ಕಾಗದದ ಮೇಲೆ ಮೂರು ಕಡೆಯಿಂದ ಬರೆಯಬಲ್ಲವನಿಗೆ ಅದು ಎಲ್ಲಿ ತಾಗುತ್ತದೆ, ಎಲ್ಲಿ ಸಡಿಲ ಇರಬೇಕು, ಎಲ್ಲಿ ಮುರಿಯಬಹುದು ಎಂಬುದು ಮೊದಲೇ ಕಾಣುತ್ತದೆ. ಇಂದು ಮನೆಯ ಶೆಡ್ಡಿನಲ್ಲಿ ಎಂಜಿನ್ ಬದಲಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪಾನಾ ಮೊದಲು ಕೈಗೆ ಬರುತ್ತದೆ, ಪೆನ್ಸಿಲ್ ಆಮೇಲೆ.

ಎರಡು ಚಕ್ರದ ಶಾಲೆ

1888ರಲ್ಲಿ ಬೆಳಗಾವಿಯಲ್ಲಿ ಅಣ್ಣ-ತಮ್ಮ ಸೈಕಲ್ ಅಂಗಡಿ ತೆರೆದರು. ಲಕ್ಷ್ಮಣರಾವ್ ಮುಂಬೈಯಲ್ಲಿ ಸೈಕಲ್ ಕೊಂಡು ಕಳಿಸುವುದು, ರಾಮುಅಣ್ಣ ಬೆಳಗಾವಿಯಲ್ಲಿ ಮಾರುವುದು. ಆಗ ಒಂದು ಸೈಕಲ್ಲಿಗೆ 700ರಿಂದ 1,000 ರೂಪಾಯಿ ಬೆಲೆ. ಇಂದಿನ ಲೆಕ್ಕದಲ್ಲಿ ಕಾರು ಕೊಂಡಂತೆಯೇ. ಸೈಕಲ್ ಹೊಡೆಯುವುದನ್ನು ಕಲಿಸಲು 15 ರೂಪಾಯಿ ಫೀ. ಮಾರುವವರೇ ಕಲಿಸಬೇಕು, ಕೆಟ್ಟರೆ ರಿಪೇರಿಯನ್ನೂ ಅವರೇ ಮಾಡಬೇಕು.

ಸೈಕಲ್ ಎಂದರೆ ಹಗುರಾಗಿ ನೋಡಬೇಡಿ. ಬೇರಿಂಗ್, ಚೈನು, ಹಲ್ಲುಚಕ್ರಗಳ ಲೆಕ್ಕ, ಹಗುರಾದರೂ ಗಟ್ಟಿಯಾದ ಫ್ರೇಮ್, ಇವೆಲ್ಲ ಮೋಟಾರು ಗಾಡಿಯ ಮೊದಲ ಪಾಠಗಳೇ. ಅಮೆರಿಕದ ಡೇಟನ್‌ನಲ್ಲಿ ರೈಟ್ ಸಹೋದರರು 1892ರಲ್ಲಿ ಸೈಕಲ್ ಅಂಗಡಿ ತೆರೆದು, ಅಲ್ಲಿಂದ ವಿಮಾನದವರೆಗೆ ಹೋದರು. ಹೆನ್ರಿ ಫೋರ್ಡ್ 1896ರಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ತನ್ನ ಮೊದಲ ಗಾಡಿಯನ್ನು ಮಾಡಿದ್ದು ಸೈಕಲ್ ಚಕ್ರಗಳನ್ನು ಹಾಕಿ. ಗಾಡಿ ಸಿದ್ಧವಾದ ಮೇಲೆ ನೋಡಿದರೆ ಶೆಡ್ಡಿನ ಬಾಗಿಲು ಚಿಕ್ಕದು. ಗೋಡೆ ಒಡೆದು ಹೊರತರಬೇಕಾಯಿತು! ಅಳತೆ ತಪ್ಪುವುದು ದೊಡ್ಡವರಿಗೂ ಇದ್ದದ್ದೇ.

ಮುಂಬೈಯ ನೌಕರಿ ಲಕ್ಷ್ಮಣರಾವ್ ಅವರಿಗೆ ಸಾಕಾಗುವಷ್ಟಿತ್ತು. ಆದರೆ ಸಲ್ಲಬೇಕಾದ ಬಡ್ತಿ ಅವರನ್ನು ದಾಟಿ ಆಂಗ್ಲೋ-ಇಂಡಿಯನ್ ಒಬ್ಬರಿಗೆ ಹೋಯಿತು. ಅವರು ಜಗಳಕ್ಕೆ ನಿಲ್ಲಲಿಲ್ಲ. ರಾಜೀನಾಮೆ ಕೊಟ್ಟು ಬೆಳಗಾವಿಯ ರೈಲು ಹತ್ತಿದರು. ತಿಂಗಳ ಸಂಬಳ ನಿಂತಿತು. ಮುಂದೆ ಇದ್ದದ್ದು ಒಂದು ಅಂಗಡಿ ಮಾತ್ರ.

ಕೊಳ್ಳುವವರಿಲ್ಲದ ನೇಗಿಲು

ಸೈಕಲ್ ಕೊಳ್ಳುವವರು ಊರಿಗೆ ಹತ್ತು ಜನ. ರೈತರು ಊರ ತುಂಬ. ಲಕ್ಷ್ಮಣರಾವ್ ರೈತರ ಕಡೆ ತಿರುಗಿದರು. ಮೊದಲು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟನ್ನು ತುಳಿಯುತ್ತದೆ, ಸಣ್ಣಗೆ ಕತ್ತರಿಸಿ ಹಾಕಿದರೆ ಪೂರ್ತಿ ತಿನ್ನುತ್ತದೆ. ಬರಗಾಲದ ಸೀಮೆಗೆ ಇದು ಸಣ್ಣ ಲಾಭವಲ್ಲ.

ಆಮೇಲೆ ಕಬ್ಬಿಣದ ನೇಗಿಲು. ಕಟ್ಟಿಗೆಯ ನೇಗಿಲು ಮಣ್ಣನ್ನು ಗೀರುತ್ತದೆ. ಕಬ್ಬಿಣದ್ದು ಆಳಕ್ಕೆ ಇಳಿದು ಮಣ್ಣನ್ನು ಮಗುಚಿ ಹಾಕುತ್ತದೆ. ಎರೆ ಭೂಮಿಯಲ್ಲಿ ಆಳಕ್ಕೆ ಬೇರು ಬಿಟ್ಟ ಕರಿಕೆಯನ್ನು ಕೀಳಲು ಅದೇ ಬೇಕು. ವಸ್ತು ಒಳ್ಳೆಯದಿದ್ದರೂ ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂಬುದು ರೈತರ ನಂಬಿಕೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ! ಒಂದು ಪರೀಕ್ಷೆಯಲ್ಲಿ ಫಲಿತಾಂಶ ಬಾರದಿದ್ದರೆ ದಾರಿ ಬದಲಿಸುವ ನಮ್ಮ ಕಾಲದಲ್ಲಿ ಇದನ್ನು ನೆನೆಯಬೇಕು. ಅವರು ರೈತರನ್ನು ಮೂಢರೆಂದು ಬೈದು ಕೂರಲಿಲ್ಲ, ನೇಗಿಲನ್ನು ತಿದ್ದುತ್ತ ಹೋದರು. ನಿಧಾನವಾಗಿ ರೈತರೇ ಬಂದರು.

ಆ ಕಾಲದ ವರ್ಕ್‌ಶಾಪ್‌ಗಳಲ್ಲಿ ಒಂದೊಂದು ಯಂತ್ರಕ್ಕೂ ಬೇರೆ ಮೋಟಾರ್ ಇರುತ್ತಿರಲಿಲ್ಲ. ಒಂದೇ ಎಂಜಿನ್. ಅದು ಮೇಲೆ ಉದ್ದಕ್ಕೂ ಹಾಯ್ದ ಶಾಫ್ಟನ್ನು ತಿರುಗಿಸುತ್ತಿತ್ತು. ಅಲ್ಲಿಂದ ಇಳಿದ ಪಟ್ಟಿಗಳು ಲೇತ್, ಡ್ರಿಲ್, ಸಾಣೆಕಲ್ಲುಗಳನ್ನು ಓಡಿಸುತ್ತಿದ್ದವು. ಯಂತ್ರ ಹೆಚ್ಚಿಸಿದರೆ ಎಂಜಿನ್ ಉಸಿರು ಕಟ್ಟುತ್ತದೆ. ಎಂಜಿನ್ ದೊಡ್ಡದು ಮಾಡಿದರೆ ಶಾಫ್ಟು, ಪಟ್ಟಿ, ಬುನಾದಿ ಎಲ್ಲವನ್ನೂ ಬಲಪಡಿಸಬೇಕು. ಇಂಥ ಶೆಡ್ಡಿನಲ್ಲಿ ದುಡಿದವರಿಗೆ ಬಲ ಮತ್ತು ಬುನಾದಿಯ ಸಂಬಂಧವನ್ನು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪಾಪಾಸುಕಳ್ಳಿಯ ನಡುವೆ

ಕೆಲಸ ಕುದುರಿತು ಎನ್ನುವಾಗ ಮತ್ತೊಂದು ಪೆಟ್ಟು. ಊರು ಬೆಳೆಯುತ್ತಿತ್ತು, ಹೊಸ ಬಡಾವಣೆಗೆ ಜಾಗ ಬೇಕಿತ್ತು. ಕಾರ್ಖಾನೆ ತೆರವು ಮಾಡಬೇಕೆಂದು ಪುರಸಭೆ ಹೇಳಿತು. ಯಂತ್ರ, ಕೆಲಸಗಾರರು, ಸಾಲ ಎಲ್ಲ ಹೊತ್ತು ಎಲ್ಲಿಗೆ ಹೋಗುವುದು?

ನೆರವಿಗೆ ಬಂದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಔಂಧ್‌ನಲ್ಲಿ ದೇವಾಲಯದ ಸಭಾಮಂಟಪ ಕಟ್ಟುವ ಕೆಲಸವನ್ನು ಲಕ್ಷ್ಮಣರಾವ್ ಅವರಿಗೆ ಕೊಟ್ಟಿದ್ದವರು ಅವರೇ. ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಾಗವನ್ನೂ ಸಾಲವನ್ನೂ ಕೊಟ್ಟರು. ಜಾಗವೆಂದರೆ ಬರೀ ಪಾಪಾಸುಕಳ್ಳಿ, ಕಲ್ಲು, ಹಾವು. 1910ರಲ್ಲಿ ಬೆಳಗಾವಿಯಿಂದ ಹೊರಟ ಕುಟುಂಬಗಳು ಅಲ್ಲಿ ಬಿಡಾರ ಹೂಡಿದವು. ಅದೇ ಇಂದಿನ ಕಿರ್ಲೋಸ್ಕರವಾಡಿ. ಖಾನಾಪುರದಲ್ಲಿ ಪುಣೆಯ ರೈಲು ಹತ್ತಿದರೆ ಬೆಳಗಾವಿ, ಮಿರಜ್, ಸಾಂಗ್ಲಿ ದಾಟಿದ ಮೇಲೆ ಆ ನಿಲ್ದಾಣ ಸಿಗುತ್ತದೆ.

ಅಲ್ಲಿ ಲಕ್ಷ್ಮಣರಾವ್ ಕಟ್ಟಿಕೊಂಡ ಪಡೆಯನ್ನು ಕೆಲಸ ಹುಡುಕುತ್ತಿರುವ ಗೆಳೆಯರು ಗಮನಿಸಬೇಕು. ಶಾಲೆ ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರ್ ಅಲ್ಲಿ ಎಂಜಿನಿಯರ್ ಆಗಿ ಬೆಳೆದರು. ಶಂಭುರಾವ್ ಜಾಂಭೇಕರ್ ಯಂತ್ರಗಳ ಹೊಣೆ ಹೊತ್ತರು. ಕೆ.ಕೆ. ಕುಲಕರ್ಣಿ ಯಾವ ಕೆಲಸ ಕೊಟ್ಟರೂ ನಿಭಾಯಿಸುವ ವ್ಯವಸ್ಥಾಪಕರು, ಮಂಗೇಶರಾವ್ ರೇಗೆ ಲೆಕ್ಕಪತ್ರದವರು. ಶಿಕ್ಷೆ ಅನುಭವಿಸಿ ಬಂದವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡರು, ಆ ನಂಬಿಕೆ ಹುಸಿಯಾಗಲಿಲ್ಲ. ಅಸ್ಪೃಶ್ಯತೆಗೆ ಆ ಊರಲ್ಲಿ ಜಾಗ ಇರಲಿಲ್ಲ. ಜಾತಿ ಕೇಳದೆ ಕೈಯ ಕೆಲಸ ನೋಡುವ ಇಂಥ ಊರು ಆ ದಿನಗಳಲ್ಲಿ ಅಪರೂಪ.

ಮೊದಲ ಮಹಾಯುದ್ಧ ಬಂದಾಗ ಹೊರಗಿನ ಮಾಲು ನಿಂತು ಊರಿನ ಮಾಲಿಗೆ ಬೇಡಿಕೆ ಏರಿತು. ಆದರೆ ಎರಕಕ್ಕೆ ಕಬ್ಬಿಣವೇ ಇಲ್ಲ. ಆಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ತೋಪುಗಳನ್ನು ಕೊಟ್ಟರು. ತೋಪು ಕರಗಿ ನೇಗಿಲಾಯಿತು.

ಕೊನೆಗೆ ಎಂಜಿನ್

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿ ನೋಂದಣಿಯಾಯಿತು. ಮಗ ಶಾಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1926ರಲ್ಲಿ ಮರಳಿದರು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಪಂಪು ಬಂದವು. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿ ಲೇತ್ ತಯಾರಿಕೆಗೆ ಹೆಸರಾಯಿತು. ಆ ಕಾರ್ಖಾನೆ ಈಗಿಲ್ಲ, ಅಲ್ಲಿ ಕಲಿತ ಕೈಗಳು ರಾಜ್ಯದ ತುಂಬ ಇವೆ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಅದೇ ವರ್ಷ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್.

ಸಾಲನ್ನು ಗಮನಿಸಿ. ಮೊದಲು ನಕ್ಷೆ, ಆಮೇಲೆ ಸೈಕಲ್, ಮೇವಿನ ಯಂತ್ರ, ನೇಗಿಲು, ಪಂಪು, ಲೇತ್. ಎಂಜಿನ್ನಿನದೇ ದೊಡ್ಡ ಕಾರ್ಖಾನೆ ಬಂದದ್ದು ಕೊನೆಗೆ, ಸೈಕಲ್ ಅಂಗಡಿ ತೆರೆದ 58 ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಎರಕ ಹೊಯ್ಯುವವರು, ಕೊರೆಯುವವರು, ಅಳೆಯುವವರು ಸಿದ್ಧರಾಗಿದ್ದರು. ಹೊರುವ ಮೈ ಗಟ್ಟಿಯಾಗಿತ್ತು.

1948ರಲ್ಲಿ ಗಾಂಧೀಜಿ ಹತ್ಯೆಯ ನಂತರದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಆಗ ಲಕ್ಷ್ಮಣರಾವ್ ಅವರಿಗೆ 78 ವರ್ಷ. ಸುಟ್ಟದ್ದನ್ನು ಮತ್ತೆ ಕಟ್ಟಲಾಯಿತು. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು. 1969ರಲ್ಲಿ, ಅವರ ಜನ್ಮಶತಮಾನೋತ್ಸವಕ್ಕೆ, ಅಂಚೆ ಇಲಾಖೆ ಅಂಚೆಚೀಟಿ ಹೊರತಂದಿತು.

ನಮಗೇನು?

ಎಂಜಿನಿಯರಿಂಗ್ ಕಾಲೇಜುಗಳ ಬಾಹಾ ಸ್ಪರ್ಧೆ ಬಗ್ಗೆ ಕೇಳಿರುತ್ತೀರಿ. ವಿದ್ಯಾರ್ಥಿಗಳು ತಾವೇ ಗಾಡಿ ಮಾಡಿ ಕಲ್ಲುಮಣ್ಣಿನ ಹಾದಿಯಲ್ಲಿ ಓಡಿಸುತ್ತಾರೆ. ಅಲ್ಲಿ ಎಂಜಿನ್ ಗಾಡಿಗಳ ವಿಭಾಗದಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಎಂಜಿನ್. ದೊಡ್ಡದು ಹಾಕುವಂತಿಲ್ಲ. ಹಾಗಾದರೆ ಗೆಲ್ಲುವವರು ಯಾವುದರಿಂದ ಗೆಲ್ಲುತ್ತಾರೆ? ಫ್ರೇಮಿನಿಂದ, ಸಸ್ಪೆನ್ಷನ್‌ನಿಂದ, ಗೇರ್ ಲೆಕ್ಕದಿಂದ, ಬ್ರೇಕಿನಿಂದ, ತೂಕ ಇಳಿಸಿದ ಜಾಣತನದಿಂದ.

ಹಳೆಯ ಕಾರು ನಿಮ್ಮ ಅಂಗಳದಲ್ಲಿ ನಿಂತಿದ್ದರೆ ಆಸೆ ಬಿಡಬೇಕಿಲ್ಲ. ಮೊದಲು ಒಂದು ನೋಟ್‌ಬುಕ್ ಹಿಡಿಯಿರಿ. ಬಾನೆಟ್ ತೆಗೆದು ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಮೌಂಟ್‌ಗಳ ನಕ್ಷೆ ಬಿಡಿಸಿ. ಗೇರ್‌ಬಾಕ್ಸ್ ಎಷ್ಟು ಬಲ ತಾಳುತ್ತದೆ ಎಂದು ಕೇಳಿ ತಿಳಿಯಿರಿ. ಆರ್‌ಟಿಒ ಕಚೇರಿಗೆ ಹೋಗಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ವಿಚಾರಿಸಿ. ಇಷ್ಟು ಮಾಡಿದ ಮೇಲೆ ಬಹುಶಃ ದೊಡ್ಡ ಎಂಜಿನ್ ಬೇಡ, ಹಳೆಯದನ್ನೇ ಬಿಚ್ಚಿ ಸರಿಪಡಿಸಿದರೆ ಸಾಕು ಎನಿಸಬಹುದು. ಆಗಲೂ ನಷ್ಟವೇನಿಲ್ಲ. ಆ ನೋಟ್‌ಬುಕ್ಕನ್ನು ಮುಂದೆ ಯಾವುದೇ ವರ್ಕ್‌ಶಾಪಿನ ಸಂದರ್ಶನಕ್ಕೆ ಜೊತೆಗೆ ಒಯ್ಯಿರಿ. ಅಂಕಪಟ್ಟಿ ಹೇಳದ ಎಷ್ಟೋ ಸಂಗತಿಯನ್ನು ಅದು ಹೇಳುತ್ತದೆ.