ಹರ್ಮನ್ ಮೋಗ್ಲಿಂಗ್

ಮಾನವಿ ತಾಲ್ಲೂಕಿನ ಚೀಕಲಪರವಿಯಲ್ಲಿ ವಿಜಯದಾಸರು ಹುಟ್ಟಿದರು, ಬ್ಯಾಗವಾಟದಲ್ಲಿ ಜಗನ್ನಾಥದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು. ರಾಯಚೂರು ಸೀಮೆಯ ನಮಗೆ ದಾಸರ ಪದಗಳೆಂದರೆ ಅಜ್ಜಿಯರ ಬಾಯಿಂದ ಕೇಳಿ ಬಂದ ಮನೆಯ ಸೊತ್ತು. ಆದರೆ ಆ ಪದಗಳನ್ನು ಮೊದಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದವರು ದಾಸಕೂಟದವರಲ್ಲ, ಕನ್ನಡಿಗರೂ ಅಲ್ಲ. ಕ್ರೈಸ್ತಮತವನ್ನು ಬೋಧಿಸಲೆಂದು ಜರ್ಮನಿಯಿಂದ ಬಂದ ಒಬ್ಬ ಪಾದ್ರಿಗಳು. ಇದನ್ನು ಮೊದಲು ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ.

ಹರ್ಮನ್ ಮೋಗ್ಲಿಂಗರು 1811ರಲ್ಲಿ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿದರು. ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರವನ್ನು ಓದಿ, ಬಾಸೆಲ್ ಮಿಶನ್ನಿನ ಪರವಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಮಿಶನ್ನು ಅಲ್ಲಿ ಕಾಲಿಟ್ಟು ಆಗ ಎರಡೇ ವರ್ಷ.

ಮೊದಲ ಪೆಟ್ಟು ಬಿದ್ದುದು ಧಾರವಾಡ ಹುಬ್ಬಳ್ಳಿಯ ಕಡೆ. ಅಲ್ಲಿ ಕಾಲಜ್ಞಾನದ ವಚನಗಳನ್ನು ನಂಬುತ್ತಿದ್ದ ಜನರು ಹೊಸ ಮತದ ವಿಷಯದಲ್ಲಿ ಬಹಳ ಆಸಕ್ತಿ ತೋರಿದರು. ಕೊಡೇಕಲ್ ಬಸವಣ್ಣನ ನೆರೆಯವರಾದ ನಮಗೆ ಈ ಕಾಲಜ್ಞಾನ ಹೊಸದಲ್ಲ. ಊರಿಗೆ ಊರೇ ಬಂದೀತೆಂದು ಪಾದ್ರಿಗಳು ಆಶೆಪಟ್ಟರು; ದೀಕ್ಷೆಯ ಮಾತು ಬಂದಾಗ ಜನ ಹಿಂದೆ ಸರಿದರು. ಕಾಯುವವರ ಮನಸ್ಸನ್ನು ಅರಿಯದೆ ಅವರ ಮಾತನ್ನಷ್ಟೇ ನಂಬಿದುದರ ಫಲವಿದು ಎಂದು ನನಗೆ ತೋರುತ್ತದೆ.

1843ರ ಜುಲೈ 1ರಂದು ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದೇ. ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ಕಾನೂನು, ದಾಸರ ಪದ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಮತಬೋಧನೆ ಅದರ ಬೆನ್ನಿಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಆರು ತಿಂಗಳು ಕಳೆಯುವಷ್ಟರಲ್ಲಿ ಬಿರುಗಾಳಿ ಎದ್ದಿತು. 1844ರ ಜನವರಿಯಲ್ಲಿ ಸಾರಸ್ವತ ಮನೆತನದ ತರುಣ ಆನಂದರಾಯ ಕೌಂಡಿಣ್ಯನೂ ಅವನ ಇಬ್ಬರು ಗೆಳೆಯರೂ ದೀಕ್ಷಾಸ್ನಾನ ಪಡೆದರು. ಮಂಗಳೂರು ಹೊತ್ತಿಕೊಂಡಂತಾಯಿತು. ಕಣ್ಣೆದುರಿಗೇ ಮಗನನ್ನು ಕಳೆದುಕೊಂಡ ಮನೆಗಳ ಸಂಕಟವೂ ಸುಳ್ಳಲ್ಲ. ಪಾದ್ರಿಗಳ ಚರಿತ್ರೆ ಬರೆಯುವವರು ಅದನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದೇ ವರ್ಷ ಪತ್ರಿಕೆ ಮೊಳೆಯಚ್ಚನ್ನು ಅರಸಿ ನಮ್ಮ ನೆರೆಯ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು, ಹೆಚ್ಚು ಕಾಲ ಬಾಳಲಿಲ್ಲ.

ವಿರೋಧವನ್ನು ಕಂಡ ಮೋಗ್ಲಿಂಗರು ಆಮೇಲೆ ಮಾಡಿದ ಕೆಲಸವೇ ಅವರನ್ನು ನಮಗೆ ಹತ್ತಿರ ಮಾಡಿದ್ದು. ತಮಗೆ ಎದುರು ನಿಂತ ಜನ ಏನನ್ನು ಓದುತ್ತಾರೆ, ಏನನ್ನು ಹಾಡುತ್ತಾರೆ ಎಂದು ತಿಳಿಯಲು ಓಲೆಗರಿಗಳ ಬೆನ್ನು ಹತ್ತಿದರು. ನೀಲಗಿರಿಯಲ್ಲಿದ್ದ ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಗಳು ಹಣ ಕೊಟ್ಟರು. 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣದ ಭಾಗ, ದಾಸರ ಪದಗಳು ಒಂದೊಂದಾಗಿ ಹೊರಬಂದವು. ತಾವು ಗೆಲ್ಲಬೇಕೆಂದಿದ್ದ ಮತಗಳ ಗ್ರಂಥಗಳನ್ನೇ ಅವರು ಅಚ್ಚು ಮಾಡಿ ಉಳಿಸಿದರು. ದಾಸರ ಕೆಲವು ಹಾಡುಗಳನ್ನು ಜರ್ಮನ್ ಭಾಷೆಗೂ ತಿರುಗಿಸಿ ಅಲ್ಲಿಯ ಪಂಡಿತರ ಪತ್ರಿಕೆಯಲ್ಲಿ ಪ್ರಕಟಿಸಿದರು. ಶತ್ರುವಿನ ಬಲವನ್ನು ಅಳೆಯಲು ಹೊರಟವರು ಹಾಡಿನ ಸವಿಗೆ ಸೋತರೋ ಏನೋ!

1852ರ ಕೊನೆಗೆ ತಾಯ್ನಾಡಿಗೆ ಹೊರಡಲು ಸಿದ್ಧರಾಗಿದ್ದಾಗ ಕೊಡಗಿನ ಆಲಮಂಡ ಸೋಮಯ್ಯನೆಂಬವನು ದೀಕ್ಷೆ ಬೇಡಿ ಬಂದನು. ಪ್ರಯಾಣ ನಿಂತಿತು. ಸೋಮಯ್ಯನನ್ನು ಅವನ ಮನೆತನದವರು ಹೊರಗೆ ಹಾಕಿದರು. ಮೋಗ್ಲಿಂಗರು ಮುಂದೆ ಆನಂದಪುರವನ್ನು ಕಟ್ಟಿ ಹೊಲೆಯರಿಗೆ ಅಲ್ಲಿ ನೆಲೆ ಮಾಡಿಕೊಟ್ಟರು. ಜೀತದ ಆಳುಗಳು ಕೈತಪ್ಪಿ ಹೋಗುವುದನ್ನು ಜಮೀನುದಾರರು ಸಹಿಸುವರೇ? ಇಲ್ಲಿಯ ವಿರೋಧ ದೇವರ ಹೆಸರಿನದಕ್ಕಿಂತ ಗದ್ದೆಯ ಕೆಲಸದ್ದಾಗಿತ್ತು.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕನ್ನಡದ ಸೇವೆಗಾಗಿ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. 1860ರಲ್ಲಿ ಮೋಗ್ಲಿಂಗರು ಈ ನಾಡನ್ನು ಬಿಟ್ಟು ಹೋದರು, ಮತ್ತೆ ಬರಲಾಗಲಿಲ್ಲ. 1881ರ ಮೇ ತಿಂಗಳಲ್ಲಿ ಎಸ್ಲಿಂಗೆನ್ನಿನಲ್ಲಿ ತೀರಿಕೊಂಡರು. ಅವರು ಪತ್ರಿಕೆ ಹೊರಡಿಸಿದ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ.